ಉಡಿದಾರ ಬಿಟ್ಟು ಬೇರೇನೂ ಇಲ್ಲದೆ

1.
ಕಥೆಯನ್ನು ಬಟ್ಟೆ ಬಿಚ್ಚುವ ಮೊದಲು ಶುರು ಮಾಡಬೇಕೋ, ಬಿಚ್ಚಿದ ಮೇಲೋ? ಮೊದಲು ಎಂದರೆ ನೀವು ಚಡಪಡಿಸುತ್ತೀರಿ, ಮೇಲೆ ಎಂದರೆ ನನ್ನ ಅಮ್ಮ ಓದುವುದನ್ನು ನಿಲ್ಲಿಸುತ್ತಾಳೆ. (ಅಮ್ಮ ಬ್ರಹ್ಮಾವರದಲ್ಲಿದ್ದಾಳೆ. ನಾನು ಬರೆದದ್ದನ್ನೆಲ್ಲ ಓದಿ ನೆರೆಮನೆಗೂ ದಾಟಿಸುತ್ತಾಳೆ.) ಮೊದಲ ಡ್ರಾಫ್ಟಿನಲ್ಲಿ ಮಾಡೆಲ್ ಒಬ್ಬ ಸುಂದರ ಯುವತಿ, ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ನನಗೇ ನಾಚಿಕೆಯಾಗಿ ಅಳಿಸಿದೆ.

2.
ಈಗಿನ ಮಾಡೆಲ್‌ನ ಹೆಸರು ಕುಷ್ಟ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವನು, ಐವತ್ತು ದಾಟಿದೆ, ಮೀಸೆಗೆ ಬಣ್ಣ ಹಚ್ಚುತ್ತಾನೆ. ಕುಂದಾಪುರದಲ್ಲಿ ಸ್ಟುಡಿಯೋ ಇಟ್ಟಿರುವ ಚೇತನಾ ಮದುವೆಗಳನ್ನು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಯುತ್ತಾಳೆ, ನಗ್ನ ದೇಹಗಳನ್ನು ಮಾತ್ರ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ. ಮುಂಬೈಯ ಗ್ಯಾಲರಿಯೊಂದು ಅವಳ ಮೊದಲ ಪ್ರದರ್ಶನಕ್ಕೆ ಒಪ್ಪಿದೆ. ಷರತ್ತು ಇಷ್ಟೆ: ಮೈಮೇಲೆ ಒಂದು ಎಳೆಯೂ ಇರಬಾರದು, ನೆಗೆಟಿವ್ ತಿದ್ದುವಂತಿಲ್ಲ.

ಕುಷ್ಟ ಒಪ್ಪಿದ್ದು ಯಾಕೆ? (ವಿಮರ್ಶಕರು ಕೇಳುತ್ತಾರೆ.) ಅವನನ್ನೇ ಕೇಳಿದೆ.

"ಆಧಾರ್ ಕಾರ್ಡಂಗೆ ನನ್ ಮೋರೆ ಕಂಡಿದ್ರ್ಯಾ? ಕಳ್ಳನ ಕಣಗೆ ಇತ್ತ್. ಮೈ ಗಟ್ಟಿ ಇಪ್ಪೊತ್ತಿಗೇ ಒಂದ್ ಲಾಯ್ಕ್ ಫೋಟೋ ಬೇಕ್ ಮಾರಾಯ್ರೆ."

3.
ಅಂಗಿ ಬಿಚ್ಚಿದ, ಲುಂಗಿ ಬಿಚ್ಚಿದ, ಒಳಗಿನದ್ದನ್ನೂ ಬಿಚ್ಚಿ ಮಡಚಿ ಸ್ಟೂಲಿನ ಮೇಲಿಟ್ಟ. ನಾಚಿಕೆಪಟ್ಟದ್ದು ನಾನು. ಸೊಂಟದ ಕಪ್ಪು ಉಡಿದಾರ ಮಾತ್ರ ಉಳಿಯಿತು.

"ಅದ್ನೂ ತೆಗೂಕ್," ಎಂದಳು ಚೇತನಾ.

"ಇದಾ? ಇದ್ನ ಕಡೂದ್ ಸತ್ಮೇಲೆ."

(ದೂರದ ಓದುಗರಿಗೆ: ನೂಲು ಹಳತಾದರೆ ಮೊದಲು ಹೊಸತನ್ನು ಕಟ್ಟಿ ಆಮೇಲೆ ಹಳೆಯದನ್ನು ಕಡಿಯುತ್ತಾರೆ. ಬದುಕಿರುವ ಗಂಡಸಿನ ಸೊಂಟ ಬರಿದಾಗುವ ಗಳಿಗೆಯೇ ಇಲ್ಲ. ಅಡಿಟಿಪ್ಪಣಿ ಹಾಕಬೇಕಿತ್ತು, ಸೋಮಾರಿತನ.)

"ಒಂದ್ ಕ್ಷಣ ಸಾಕ್ ಕುಷ್ಟಣ್ಣ. ಒಂದ್ ಸೆಕೆಂಡ್ನ ನೂರಿಪ್ಪತ್ತೈದ್ ಪಾಲ್ ಮಾಡಿ ಅದ್ರಂಗ್ ಒಂದ್ ಪಾಲ್. ಕ್ಲಿಕ್ ಅಂದ ಕೂಡ್ಲೆ ಕಟ್ಕಣಿ."

"ಸಾಯೂಕೆ ಅದ್ಕಿಂತ ಜಾಸ್ತಿ ಹೊತ್ತ್ ಬೇಕಾ?"

"ಹಂಗಾರೆ ಬಟ್ಟೆ ಹಾಕ್ಕಣಿ, ಹೋಪ."

"ಹಾಕ್ಕಂಡೇ ಇದ್ನಲೆ," ಎಂದು ಕುಷ್ಟ ನೂಲು ಮುಟ್ಟಿ ತೋರಿಸಿದ.

5.
(ನಾಲ್ಕರಲ್ಲಿ ಕಲೆ ಮತ್ತು ನಗ್ನತೆಯ ಬಗ್ಗೆ ಪ್ರಬಂಧವಿತ್ತು. ಕಿತ್ತು ಹಾಕಿದೆ. ಥ್ಯಾಂಕ್ಸ್ ಬೇಡ.)

ಅಂತ್ಯ ಅ: ನೂಲಿನ ಸಮೇತ ಫೋಟೋ. ಗ್ಯಾಲರಿ ಬೇಡ ಎನ್ನುತ್ತದೆ, ಚೇತನಾ ಮತ್ತೆ ಮದುವೆ ಮನೆಗಳಿಗೆ. ಅಂತ್ಯ ಆ: ನೂಲಿಗೆ ಕೈ ಅಡ್ಡ ಹಿಡಿಯುವುದು. ಕೈ ಎರಡೇ, ನೂಲು ಸುತ್ತಲೂ.

"ನಾನು ಕಥೆಗಾರ," ಎಂದೆ ಕುಷ್ಟನಿಗೆ. "ಒಂದು ವಾಕ್ಯ ಬರೆದರೆ ಮುಗಿಯಿತು."

"ಬರಿನಿ ಕಾಂಬ. ನಿಮ್ ಕೈಯಂಗ್ ಪೆನ್ನ್ ಇತ್ತ್ ಅಂದೇಳಿ ನನ್ ಜೀವ ನಿಮ್ದಾ?"

ಹೊರಗಿನ ಕೋಣೆಯಲ್ಲಿ ಕುಳಿತಿದ್ದ ಅವನ ಹೆಂಡತಿ ಜಲಜ ಒಳಗೆ ಬಂದಳು. ಅವಳನ್ನು ನಾನು ಕರೆದಿರಲಿಲ್ಲ.

"ಅಪ್ಪಯ್ಯಂದ್ ಕಡೂದ್ ಕಂಡಿದೆ ನಾನ್. ಕಡಲಿಂದ ತಂದ್ ಜಗಲಿ ಮೇಲ್ ಮಲಗ್ಸಿದ್ರ್. ಇವ್ರದ್ದ್ ಕಾಂಬೂಕೆ ನನ್ನಿಂದ ಆತಿಲ್ಲೆ."

ನನಗೆ ಹೆದರಿಕೆಯಾಯಿತು. ಆದರೆ ಅಷ್ಟು ಹೊತ್ತಿಗೆ ಒಳ್ಳೆಯ ಅಂತ್ಯವೊಂದು ಹೊಳೆದಿತ್ತು, ಅದರ ಆಸೆ ಹೆದರಿಕೆಗಿಂತ ದೊಡ್ಡದಿತ್ತು.

6.
ಕುಷ್ಟನ ಉಡಿದಾರವನ್ನು ಕತ್ತರಿಸಲಾಯಿತು. (ಕರ್ಮಣಿ ಪ್ರಯೋಗ. ಯಾರು ಕತ್ತರಿಸಿದರೆಂದು ಹೇಳಬೇಕಾಗಿಲ್ಲ, ಅನುಕೂಲ.) ಚೇತನಾ ಕ್ಲಿಕ್ ಮಾಡಿದಳು. ಅದ್ಭುತ ಫ್ರೇಮ್.

"ಆಯ್ತು ಕುಷ್ಟ, ಕಟ್ಟಿಕೊ," ಎಂದೆ.

ಅವನ ಕೈ ನೂಲಿನ ಕಡೆ ಹೋಗಲಿಲ್ಲ.

"ಹ್ವಾಯ್, ಕುಷ್ಟ."

ಇಷ್ಟು ಹೊತ್ತು ಮಾತಿಗೆ ಮಾತು ಕೊಟ್ಟವನು ದೀಪದ ಕೆಳಗೆ ಸುಮ್ಮನೆ ನಿಂತಿದ್ದಾನೆ. ಗಾಬರಿಯಾಗಿ ಆ ವಾಕ್ಯವನ್ನು ಅಳಿಸಿದೆ. (ಮೇಲೆ ಇನ್ನೂ ಕಾಣುತ್ತಿದ್ದರೆ ದಯವಿಟ್ಟು ಓದಬೇಡಿ.) ನೂಲು ಸೊಂಟಕ್ಕೆ ವಾಪಸ್ ಬಂತು. ಮಾತು ಬರಲಿಲ್ಲ.

"ಇವ್ರತ್ರ ಎಂತಾರೂ ಹೇಳ್ಸಿ," ಎಂದಳು ಜಲಜ.

ನನಗೆ ಅದೇನು ಕಷ್ಟ? ಕೂಡಲೇ ಬರೆದೆ:

"ಚಳಿ ಆತ್ತ್ ಮಾರಾಯ್ರೆ, ಲುಂಗಿ ಕೊಡಿ," ಎಂದ ಕುಷ್ಟ.

ಜಲಜ ಗಂಡನ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದ್ ಇವ್ರ್ ಹೇಳಿದ್ದಲ್ಲ. ನೀವ್ ಹೇಳಿದ್ದ್."

6.
ಮತ್ತೆ ಬರೆಯುತ್ತಿದ್ದೇನೆ. ಬೇರೆ ಮಾತು, ಇನ್ನಷ್ಟು ಸಹಜವಾದದ್ದು. ಇದೂ ಅವನದ್ದಲ್ಲ ಎಂದು ನನಗೆ ಗೊತ್ತು. ಜಲಜ ಲುಂಗಿ ಹಿಡಿದು ಕಾಯುತ್ತಿದ್ದಾಳೆ. ನೀವು ಹೊರಡುವುದಾದರೆ ಹೊರಡಿ, ನಾನು ಇಲ್ಲಿಂದ ಏಳುವ ಹಾಗಿಲ್ಲ.