ಕೈ ನಿಂತ ಸಾಲು

ನಾನು ಕರಿಹಲಗೆ ಒರೆಸುವ ಡಸ್ಟರ್. ಧಾರವಾಡದ ಒಬ್ಬ ಬಡಗಿ ಸಾಗವಾನಿ ತುಂಡಿಗೆ ಹಳೆಯ ಕಂಬಳಿಯ ಪಟ್ಟಿ ಹೊಡೆದು ನನ್ನನ್ನು ಮಾಡಿದ. ಒಂದು ಕಡೆ ಸುಮ್ಮನೆ ಕೂತು ನನಗೆ ಗೊತ್ತಿಲ್ಲ. ಬರೆದದ್ದು ಕಂಡರೆ ಮೈಯೆಲ್ಲ ನವೆ.

ಮೊದಲು ಒಂದು ಹೈಸ್ಕೂಲಿನಲ್ಲಿದ್ದೆ. ಅಲ್ಲಿ ಅಳಿಸಿದ್ದಕ್ಕಿಂತ ತೂಕಡಿಸುವ ಹುಡುಗರ ಕಡೆಗೆ ಹಾರಿದ್ದೇ ಹೆಚ್ಚು. ಪರೀಕ್ಷೆಯ ಮೇಲ್ವಿಚಾರಣೆಗೆ ಬಂದ ಪ್ರೊಫೆಸರ್ ಮುಧೋಳಕರ್ ನನ್ನನ್ನು ಜೋಳಿಗೆಗೆ ಹಾಕಿಕೊಂಡು ಹೋದರು. ದೊಡ್ಡವರು ಮಾಡಿದರೆ ಅದಕ್ಕೆ ಕಳವು ಎನ್ನುವುದಿಲ್ಲ.

ಅವರು ಪಿಎಚ್‌ಡಿ ಮಾಡುವವರಿಗೆ ಎಕನಾಮೆಟ್ರಿಕ್ಸ್ ಸಿದ್ಧಾಂತ ಕಲಿಸುತ್ತಿದ್ದರು. ಅಂಕಿಅಂಶದ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಗಣಿತದಿಂದ ಸಾಧಿಸುವ ವಿದ್ಯೆ ಅದು. ಯಾರು ಯಾವ ಪ್ರಮೇಯ ಸಾಧಿಸಿ ತಂದರೂ ಅವರ ಪದ್ಧತಿ ಒಂದೇ: ಎಲ್ಲ ಅಳಿಸಿ, ಏನೂ ನೋಡದೆ ಮತ್ತೆ ಬರೆಯಬೇಕು.

ಅವರ ಕೊನೆಯ ಶಿಷ್ಯೆ ನೀಲಾಂಬಿಕಾ ಹೊಸಮನಿ ಮಾತ್ರ ಒಪ್ಪಲಿಲ್ಲ. ಹಲಗೆ ತುಂಬ ಅವಳ ಪ್ರಮೇಯ, ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ಅಳಿಸಬೇಡಿ’. ಪ್ರಬಂಧ ಸಲ್ಲಿಸುವ ಗಡುವು ಹತ್ತಿರ ಬಂದಿತ್ತು. ಪ್ರಮೇಯ ಬಿದ್ದರೆ ಇಷ್ಟು ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಯಾರಾದರೂ ನೋಡಲು ಬಂದರೆ ಅವಳು ನಡುವಿನ ಒಂದು ಸಾಲಿಗೆ ಹೆಗಲು ಅಡ್ಡಗೊಟ್ಟು ನಿಲ್ಲುತ್ತಿದ್ದಳು. ಕೆಳಗೆ ಕೂತ ನನಗೆ ಅದು ಕಾಣುತ್ತಿತ್ತು. ನಾನೂ ಚಡಪಡಿಸುತ್ತಿದ್ದೆ, ಅವಳೂ ಚಡಪಡಿಸುತ್ತಿದ್ದಳು.

“ನೀಲವ್ವ, ಅಳಿಸಿ ಮತ್ತ ಬರಿ ನೋಡೂಣು. ಕೈ ಎಲ್ಲಿ ನಿಲ್ತದ, ತಪ್ಪು ಅಲ್ಲೇ ಇರ್ತದ,” ಎನ್ನುತ್ತಿದ್ದರು ಮುಧೋಳಕರ್.

“ಸರ್, ನನ್ನ ಥೀಸಿಸ್ ಪೂರಾ ಇದರ ಮ್ಯಾಲ ನಿಂತದರಿ.”

“ನಿಂತದೋ ಇಲ್ಲೋ, ಅದನ್ನ ನೋಡೂದು.”

ಒಂದು ಬೆಳಿಗ್ಗೆ ಕೋಣೆಯಲ್ಲಿ ಯಾರೂ ಇಲ್ಲದಾಗ ಅವಳೇ ನನ್ನನ್ನು ಎತ್ತಿಕೊಂಡಳು. ‘ಅಳಿಸಬೇಡಿ’ಯಿಂದಲೇ ಶುರು ಮಾಡಿದಳು. ಅಳಿಸಲು ಅಷ್ಟು ಹಾತೊರೆದಿದ್ದ ನನಗೆ ಆಗ ಬಹಳ ಸಂಕಟವಾಯಿತು.

ಮತ್ತೆ ಬರೆಯುತ್ತ ಹೋದಳು. ಹೆಗಲು ಅಡ್ಡಗೊಡುತ್ತಿದ್ದ ಸಾಲಿಗೇ ಕೈ ನಿಂತಿತು. ಅವಳದು ಅನೇಕ ಮನೆಗಳ, ಅನೇಕ ವರ್ಷಗಳ ಖರ್ಚಿನ ಲೆಕ್ಕ. ಸಾಧಿಸುವಾಗ ಮನೆಗಳ ಸಂಖ್ಯೆಯನ್ನು ಮೊದಲು ಅನಂತದ ತನಕ ಬೆಳೆಯಲು ಬಿಟ್ಟು, ವರ್ಷಗಳನ್ನು ಆಮೇಲೆ ಬಿಟ್ಟಿದ್ದಳು. ಎರಡನ್ನೂ ಒಟ್ಟಿಗೆ ಬಿಡಬೇಕಿತ್ತು. ಹಾಗೆ ಬಿಟ್ಟರೆ ಪ್ರಮೇಯ ಕೆಲವು ಕಡೆ ಮಾತ್ರ ನಿಲ್ಲುತ್ತಿತ್ತು, ಎಲ್ಲ ಕಡೆ ಅಲ್ಲ. ನೆಲದ ಮೇಲೆ ಕೂತು ಅತ್ತಳು.

ಆ ಗಡುವು ತಪ್ಪಿತು. ವಿನಂತಿಸಿ ಇನ್ನೊಂದು ವರ್ಷ ಪಡೆದು ಅವಳು ಸಾಧಿಸಿದ ಪ್ರಮೇಯ ಮೊದಲಿನದಕ್ಕಿಂತ ಚಿಕ್ಕದು, ಆದರೆ ನಿಜವಾದದ್ದು. ನಿವೃತ್ತರಾಗುವಾಗ ಮುಧೋಳಕರ್ ನನ್ನನ್ನು ಅವಳ ಕೈಗಿತ್ತರು.

ಈಗ ಅವಳೇ ಕಲಿಸುತ್ತಾಳೆ. ಬಿಳಿ ಹಲಗೆ ಬಂದಿದೆ. ಕಂಬಳಿ ಸವೆದ ನಾನು ಮೇಜಿನ ಮೇಲೆ ಕಾಗದ ಹಾರದಂತೆ ಕೂತು ಒಳಗೊಳಗೇ ಕುದಿಯುತ್ತೇನೆ.

ಮೊನ್ನೆ ಅವಳ ಶಿಷ್ಯೆ ಫರ್ಹಾನಾ ಒಂದು ಸಾಲಿಗೆ ಹೆಗಲು ಅಡ್ಡಗೊಟ್ಟು ನಿಂತಿದ್ದಳು.

“ಅಳಿಸಿ ಮತ್ತ ಬರಿಯವ್ವ,” ಎಂದಳು ನೀಲಾಂಬಿಕಾ.

ಹುಡುಗಿ ಮೆಲ್ಲಗೆ ಮೊಬೈಲಿನಲ್ಲಿ ಹಲಗೆಯ ಫೋಟೊ ಹೊಡೆದುಕೊಂಡು ಆಮೇಲೆ ಅಳಿಸಿದಳು. ನೀಲಾಂಬಿಕಾ ಬೈಯಲಿಲ್ಲ. ಕೈ ಚಾಚಿ ಮೊಬೈಲ್ ಇಸಿದುಕೊಂಡು, ಮೇಜಿನ ಮೇಲೆ ಬೋರಲಿಟ್ಟು, ಅದರ ಮೇಲೆ ನನ್ನನ್ನು ಇಟ್ಟಳು.

ಫರ್ಹಾನಾ ಬರೆಯತೊಡಗಿದಳು. ನಡುವೆ ಕೈ ನಿಂತಿತು. ತಿರುಗಿ ನನ್ನ ಕಡೆ ನೋಡಿದಳು. ಜೀವಮಾನದಲ್ಲಿ ಮೊದಲ ಸಲ ನನಗೆ ಅಲುಗಾಡಬೇಕು ಅನ್ನಿಸಲಿಲ್ಲ.