ಬ್ರೇಕ್ ಸಿಲಿಂಡರಿನ ಅಳತೆ

ಹುಕ್ಕೇರಿಯ ಭರತೇಶನ ಹಳೆಯ ಮಾರಿಸ್ ಕಾರಿನ ಬ್ರೇಕ್ ಹಿಡಿಯುತ್ತಿರಲಿಲ್ಲ. ಪೆಡಲ್ ಒತ್ತಿದಾಗ ಗಾಲಿಗಳಿಗೆ ಎಣ್ಣೆ ನೂಕುವ ಮಾಸ್ಟರ್ ಸಿಲಿಂಡರ್ ಸೋರುತ್ತಿತ್ತು. ಒಳಗಿನ ಪಿಸ್ಟನ್ನು, ರಬ್ಬರು ಬದಲಿಸಬೇಕಿತ್ತು. ಯಾವ ಅಳತೆಯದೆಂದು ಯಾರಿಗೂ ಗೊತ್ತಿಲ್ಲ. ಸಿಲಿಂಡರಿನ ಮೈಮೇಲಿನ ಅಂಕಿಗಳನ್ನು ತುಕ್ಕು ತಿಂದುಬಿಟ್ಟಿತ್ತು.

ಭರತೇಶನ ತಂದೆ ಜಿನ್ನಪ್ಪನಿಗೆ ಕೈಕಾಲು ಆಡುತ್ತಿರುವಾಗಲೇ ಆ ಕಾರಿನಲ್ಲಿ ಸ್ತವನಿಧಿಯ ಬಸದಿಗೆ ಹೋಗಿಬರುವ ಆಸೆ. ಅದಕ್ಕೇ ಗೋಕಾಕಿನಿಂದ ಹಾಜಿಮಲಂಗನನ್ನು ಕರೆಸಿದ್ದರು. ಇಂಥ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತಲೇ ತಲೆ ಹಣ್ಣಾದ ಮೇಸ್ತ್ರಿ ಅವನು.

“ಕಾಕಾ, ಅಳಿಯಾಕ ವರ್ನಿಯರ್ ತರಿಸ್ಲೇನ್ರಿ?” ಎಂದ ಭರತೇಶ.

“ಯಾಕ ಬೇಕಪಾ ಅದು,” ಎನ್ನುತ್ತ ಹಾಜಿಮಲಂಗ ಸಿಲಿಂಡರಿನ ಬಾಯೊಳಗೆ ಬೆರಳಿಟ್ಟು ತಿರುಗಿಸಿದ. ಅವನು ಅಳತೆ ಹೇಳುತ್ತಿದ್ದುದೇ ಹಾಗೆ. ಇವತ್ತು ಬೆರಳಿಗೆ ಏನೂ ಹತ್ತಲಿಲ್ಲ. ಚಳಿಗೆ ಜೋಮು ಹಿಡಿದಿರಬೇಕು ಅಂದುಕೊಂಡ. ಭರತೇಶ ಅವನ ಮುಖವನ್ನೇ ನೋಡುತ್ತಿದ್ದ.

“ಮುಕ್ಕಾಲ ಇಂಚ ಐತಿ.”

ಬೆಳಗಾವಿಯಿಂದ ಸಾಮಾನು ಬಂತು. ಹೊಸ ರಬ್ಬರು ತುಸು ಹಟ ಮಾಡಿಯೇ ಒಳಗೆ ಹೋಗಬೇಕು. ಇದು ಸಲೀಸಾಗಿ ಜಾರಿತು. ಹಾಜಿಮಲಂಗನ ಕೈಗೆ ಅದೂ ತಿಳಿಯಲಿಲ್ಲ. ಅಂಗಳದಲ್ಲಿ ಪೆಡಲ್ ಮೆಲ್ಲಗೆ ಒತ್ತಿ ನೋಡಿದಾಗ ಬ್ರೇಕು ಹಿಡಿಯಿತು.

ಜಿನ್ನಪ್ಪ ಆಗಲೇ ಒಗೆದ ಧೋತರ ಉಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ. “ಓಣ್ಯಾಗ ಒಂದ್ ಸುತ್ತ ಹಾಕೂಣು ನಡಿ,” ಎಂದ ಮಗನಿಗೆ.

ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಭರತೇಶ ಜೋರಾಗಿ ಪೆಡಲ್ ತುಳಿದ. ಅದು ತಳಕ್ಕೆ ಹೋಗಿ ಕೂತಿತು, ಬ್ರೇಕು ಹಿಡಿಯಲಿಲ್ಲ. ಎಮ್ಮೆಯನ್ನು ತಪ್ಪಿಸಲು ಹೊರಳಿದ ಕಾರು ಗೋಡೆಗೆ ಗುದ್ದಿತು. ಮುದುಕನ ಸೊಂಟದ ಎಲುಬು ಮುರಿಯಿತು.

“ಹಳೇ ಗಾಡಿ, ಯಾರ್ ಏನ್ ಮಾಡಾಕ ಆಗ್ತೈತಿ,” ಎಂದರು ಓಣಿಯವರು. ಹಾಜಿಮಲಂಗ ಸಿಲಿಂಡರ್ ಬಿಚ್ಚಿಕೊಂಡು ಮನೆಗೆ ಬಂದ. ವರ್ನಿಯರ್ ಹಿಡಿದು ಅದರ ಬಾಯಿ ಅಳೆದ. ಮುಕ್ಕಾಲು ಇಂಚಿಗಿಂತ ಒಂದು ನಾಣ್ಯದ ದಪ್ಪದಷ್ಟು ಹೆಚ್ಚಿತ್ತು. ಜೋರಾಗಿ ತುಳಿದಾಗ ಸಡಿಲ ರಬ್ಬರಿನ ಪಕ್ಕದಿಂದ ಎಣ್ಣೆ ಹಿಂದಕ್ಕೆ ನುಗ್ಗಿತ್ತು.

ಹೆಂಡತಿ ಮೈಮುನಾಬಿಯ ಮುಂದೆ ಕೈ ಚಾಚಿದ. “ಬೆರಳ ಚೂಟು.”

ಅವಳು ಚೂಟಿದಳು.

“ಜೋರ್ಲೆ ಚೂಟ.”

ಉಗುರು ಊರಿ ರಕ್ತ ಜಿನುಗಿತು. ಅವನ ಮುಖದಲ್ಲಿ ನೋವೇನೂ ಕಾಣಲಿಲ್ಲ. ಮೈಮುನಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. “ಸಕ್ಕರಿ ಕಾಯಿಲೇದ್ದು ಗುಳಿಗಿ ತಗೋರಿ ಅಂತ ಎಷ್ಟ್ ಬಡಕೊಂಡ್ನಿ...”

ಮರುದಿನ ಅವನು ಆಸ್ಪತ್ರೆಗೆ ಹೋದ. ಜಿನ್ನಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ತಪ್ಪ ಗಾಡೀದಲ್ಲ ಭರತೇಶ,” ಎಂದ ಹಾಜಿಮಲಂಗ. “ಬೆರಳಿಗೆ ಏನೂ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳಾಕ ನಾಚಿಕಿ ಬಂತು. ಬಾಯಿಗೆ ಬಂದದ್ದ ಹೇಳಿದ್ನಿ.”

ಭರತೇಶ ತಂದೆಯ ಹೊದಿಕೆ ಸರಿಮಾಡಿದ. “ಅಪ್ಪಾರು ಇನ್ನ ಏಳೂದಿಲ್ಲಂತ್ರಿ, ಕಾಕಾ,” ಎಂದ. ಬೈಯಲಿಲ್ಲ. ಕೂಡ್ರಿ ಅನ್ನಲೂ ಇಲ್ಲ.

ಹಾಜಿಮಲಂಗ ಇನ್ನೂ ಸ್ವಲ್ಪ ಹೊತ್ತು ಮಂಚದ ಕಾಲಬಳಿ ನಿಂತಿದ್ದು, ಹೊರಗೆ ಬಂದು ಗೋಕಾಕಿನ ಬಸ್ಸು ಹತ್ತಿದ. ಆಮೇಲೆ ಯಾರ ಗಾಡಿಗೂ ಅವನು ಕೈ ಹಚ್ಚಲಿಲ್ಲ.