ಚೀನೀ ತಾತನ ಕೊನೇ ಮಾತು

ನಾಗಸಂದ್ರದ ಆ ಆರು ಮನೆಯ ವಠಾರದಲ್ಲಿ ಚೀನೀ ಭಾಷೆ ಬರುತ್ತಿದ್ದುದು ಒಬ್ಬಳಿಗೇ, ರುದ್ರಮ್ಮನಿಗೆ. ಬರುತ್ತಿತ್ತು ಅಂದರೆ ಏನು ಬರುತ್ತಿತ್ತು, ಮಣ್ಣು. ಪೀಣ್ಯದಲ್ಲಿ ಊದುಬತ್ತಿ ಪ್ಯಾಕಿಂಗ್ ಮಾಡುವವಳಿಗೆ ಚೀನೀ ಎಲ್ಲಿಂದ ಬರಬೇಕು? ಆದರೂ ತಿಂಗಳಿಗೊಂದು ಭಾನುವಾರ ವಠಾರದವರೆಲ್ಲ ಸೇರಿ ಬಾಡಿಗೆಗೆ ವಿಸಿಆರ್ ತಂದು ಚೀನೀ ಫೈಟಿಂಗ್ ಸಿನಿಮಾ ಹಾಕಿದರೆ, ಟೀವಿಯೊಳಗೆ ಯಾರು ಬಾಯಿ ತೆರೆದರೂ ಮಾತು ಮಾತ್ರ ರುದ್ರಮ್ಮನದು.

ಬೋಳುತಲೆಯ ಖಳ ಸೂರಿನಿಂದ ಸೂರಿಗೆ ಹಾರಿ ಬಂದರೆ ಅವನು ಅವಳ ಗಂಡ ನಲ್ಲಪ್ಪನ ಸೂಪರ್‌ವೈಸರ್ ಆಗುತ್ತಿದ್ದ. "ಯಾಕ್ಲಾ ಮೂರು ನಿಮಿಷ ಲೇಟು?" ಶಿಷ್ಯ ಎರಡು ಕೈಯಲ್ಲೂ ನೀರಿನ ಬಕೆಟ್ ಹಿಡಿದು ನೂರು ಮೆಟ್ಟಿಲು ಹತ್ತಿದರೆ, "ಇದನ್ನ ನಾವು ಉಟ್ಟಿದಾಗಿಂದ ಮಾಡ್ತಾವಿ, ನಮಗ್ಯಾಕೆ ಆರಾಕೆ ಬರಾಕಿಲ್ಲ?" ಅನ್ನುತ್ತಿದ್ದಳು. ವಾರವೆಲ್ಲ ಮೆಷಿನ್ ಮುಂದೆ ಬೆನ್ನು ಬಗ್ಗಿಸಿದವರಿಗೆ, ಒಬ್ಬ ಬಡಪಾಯಿ ಬರಿಗೈಯಲ್ಲಿ ಇಪ್ಪತ್ತು ಜನರನ್ನು ಕೆಡವುವುದು ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಅದರಲ್ಲೂ ಬಿಳಿಗಡ್ಡದ ಗುರುವಿನ ಸಿನಿಮಾ ಎಂದರೆ ವಠಾರಕ್ಕೆ ಪ್ರಾಣ. ಅದನ್ನು ಐದು ಸಲವಾದರೂ ತರಿಸಿದ್ದರು.

ಅದನ್ನು ಪೂರ್ತಿ ನೋಡದವನು ನಲ್ಲಪ್ಪ ಒಬ್ಬನೇ. ಶನಿವಾರದ ನೈಟ್ ಶಿಫ್ಟ್ ಮುಗಿಸಿ ಬಂದ, ಲೇತ್ ಮೆಷಿನ್ ನಡೆಸುವ ಟರ್ನರ್ ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡಿರುತ್ತಾನೆ? ಗುರು ಸಾಯುವ ಹೊತ್ತಿಗೆ ಗೋಡೆಗೊರಗಿ ಗೊರಕೆ. ಎದ್ದು ನೋಡಿದರೆ ಹೆಂಗಸರೆಲ್ಲ ಸೆರಗಲ್ಲಿ ಮೂಗು ಒರೆಸುತ್ತಿರುತ್ತಿದ್ದರು.

"ಯಾರೋ ಚೀನಾ ತಾತ ಸತ್ರೆ ನಿಮಗ್ಯಾಕ್ರಮ್ಮ ಗೋಳು?"

"ಒಂದ್ಸಲ ಎದ್ದಿರು ಮಾವ, ಗೊತ್ತಾಯ್ತದೆ," ಎನ್ನುತ್ತಿದ್ದಳು ರುದ್ರಮ್ಮ. ಸೋದರತ್ತೆ ಮಗಳು, ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು.

ತೊಂಬತ್ನಾಲ್ಕರ ಕಾರ್ತಿಕದಲ್ಲಿ ಕಾಮಾಲೆ ಅಂತ ಮಲಗಿದವಳು ಹನ್ನೊಂದನೇ ದಿನ ಹೋಗಿಬಿಟ್ಟಳು.

ನಲ್ಲಪ್ಪ ಎರಡು ತಿಂಗಳು ಬೇಕರಿ ಬನ್ನಿನಲ್ಲಿ ಕಳೆದ. ಗೋಡೆಯ ಫೋಟೋದಲ್ಲಿ ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಅವನಿಗೆ ಅವಳು ನಡೆದಾಡುವುದನ್ನು ನೋಡಬೇಕಿತ್ತು. ಮದುವೆಯ ವೀಡಿಯೊ ಕ್ಯಾಸೆಟ್ ನೆನಪಾಯಿತು. ಟ್ರಂಕಿನ ತಳದಿಂದ ಅದನ್ನು ತೆಗೆದ, ವೀಡಿಯೊ ಅಂಗಡಿಯ ಚಿನ್ನಪ್ಪನಿಗೆ ಹೇಳಿ ಭಾನುವಾರ ಮಧ್ಯಾಹ್ನಕ್ಕೆ ವಿಸಿಆರ್ ತರಿಸಿದ. ಪಕ್ಕದ ಮನೆಯ ರಾಮಮ್ಮನೂ ಬಂದು ಬಾಗಿಲ ಹತ್ತಿರ ಕೂತಳು. ಚಿನ್ನಪ್ಪ ವೈರು ಸಿಕ್ಕಿಸಿ ಬಟನ್ ಒತ್ತಿದ.

ಮದುವೆ ಚಪ್ಪರ ಬರಲಿಲ್ಲ. ನೀರಿನ ಬಕೆಟ್ ಹಿಡಿದು ಚೀನೀ ಹುಡುಗನೊಬ್ಬ ಮೆಟ್ಟಿಲು ಹತ್ತತೊಡಗಿದ.

ನಲ್ಲಪ್ಪ ಕ್ಯಾಸೆಟ್ ಹೊರಗೆಳೆದು ತಿರುಗಿಸಿ ನೋಡಿದ. ಮದುವೆಯ ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ಅಂಚಿನ ಪ್ಲಾಸ್ಟಿಕ್ ಚೂರನ್ನು ಮದುವೆಯಾದ ವಾರದಲ್ಲೇ ಅವನೇ ಮುರಿದಿದ್ದ. ಮತ್ತೆ ರೆಕಾರ್ಡ್ ಆಗುವಂತೆ ಆ ತೂತಿಗೆ ಈಗ ಪ್ಲಾಸ್ಟರ್ ಅಂಟಿಸಿತ್ತು. ಅವನ ಬೆರಳು ಕುಯ್ದಾಗ ಫ್ಯಾಕ್ಟರಿಯಲ್ಲಿ ಕೊಟ್ಟಿದ್ದ ಪ್ಲಾಸ್ಟರ್ ಅದು.

"ಅಕ್ಕನೇ ಅಂಟಿಸಿ ತಂದ್ಕೊಟ್ರು ಕಣಣ್ಣ," ಎಂದ ಚಿನ್ನಪ್ಪ ತಲೆ ತಗ್ಗಿಸಿ. "ಮದುವೇದು ಅಳಿಸೋಗ್ತದೆ ಅಂದೆ. 'ಮಾವ ದಿನಾ ಮನೇಲೇ ಇರ್ತಾನೆ, ಅವನ ಮುಖ ಟೀವೀಲಿ ಯಾಕೆ ನೋಡ್ಲಿ, ತಾತನ ಸಿನಿಮಾನೇ ತುಂಬ್ಸು' ಅಂದ್ರು."

ನಲ್ಲಪ್ಪನಿಗೆ ಸತ್ತವಳ ಮೇಲೆ ಕೆಟ್ಟ ಕೋಪ ಬಂತು. ಅವಳಿದ್ದಿದ್ದರೆ ಹೊಡೆದೇಬಿಡುತ್ತಿದ್ದನೇನೋ. ಅವಳಿದ್ದಿದ್ದರೆ ಈ ಕ್ಯಾಸೆಟ್ ಯಾರಿಗೆ ಬೇಕಿತ್ತು?

"ತಿರ್ಗಾ ಆಕಪ್ಪ," ಎಂದಳು ರಾಮಮ್ಮ ಚಿನ್ನಪ್ಪನಿಗೆ. "ಅವಳು ಆಸೆಪಟ್ಟು ತುಂಬ್ಸಿದ್ದು. ನೋಡಾನ."

ನೋಡಿದರು. ಬೋಳುತಲೆಯವನು ಬಂದ, ಬಾಯಿ ಅಲ್ಲಾಡಿಸಿದ, ಬರೀ ಚೀನೀ ಕೇಳಿಸಿತು. ನಲ್ಲಪ್ಪ ಮೆಲ್ಲಗೆ "ಯಾಕ್ಲಾ ಮೂರು ನಿಮಿಷ ಲೇಟು" ಎಂದ. ಯಾರೂ ನಗಲಿಲ್ಲ. ಮುಂದಿನ ಮಾತುಗಳೂ ಒಂದೊಂದಾಗಿ ನೆನಪಾದವು, ಅರ್ಧಂಬರ್ಧ. ಕಡೆಗೆ ಬಿಳಿಗಡ್ಡದ ಗುರು ಶಿಷ್ಯನ ತೊಡೆಯ ಮೇಲೆ ಮಲಗಿ ತುಟಿ ಅಲುಗಿಸಿದಾಗ ನಲ್ಲಪ್ಪನ ಹತ್ತಿರ ಅವಳ ಮಾತೇ ಇರಲಿಲ್ಲ.

"ರಾಮಕ್ಕ, ಇಲ್ಲೇನಂತಿದ್ಲು?"

ರಾಮಮ್ಮ ಟೀವಿಯಲ್ಲಿನ ಗುರುವಿನ ತುಟಿ ನೋಡುತ್ತಲೇ ಹೇಳಿದಳು.

"'ಅಳಬ್ಯಾಡ ಕಣ್ಲಾ. ಒದೆಯೋದು ಕಲಿಸ್ದೆ, ಆರೋದು ಕಲಿಸ್ದೆ. ಅನ್ನ ಬೇಯಿಸೋದೊಂದು ಕಲಿಸ್ನಿಲ್ಲ. ನಾ ಓದ್ಮೇಲೆ ಏನ್ ತಿಂತೀಯೋ' ಅಂತಿದ್ಲು. ಅಂತ ನಿನ್ ಕಡೆ ತಿರುಗಿ ನೋಡೋಳು. ನೀನು ಗೊರಕೆ ಒಡೀತಿದ್ದೆ."

ಸಿನಿಮಾ ಮುಗಿಯಿತು. ಗೆರೆ ಗೆರೆಯಾಗಿ, ಅಳಿಯದೆ ಉಳಿದಿದ್ದ ಮದುವೆಯ ತುದಿ ಬಂತು, ಅರ್ಧ ನಿಮಿಷದಷ್ಟು. ಗಂಡುಹೆಣ್ಣು ಒಂದೇ ಎಲೆಗೆ ಕೂತ ಬೂಮದೂಟ. ಬಾಸಿಂಗ ಕಟ್ಟಿದ ರುದ್ರಮ್ಮ ಅನ್ನ ಕಲಸಿ, ಸುತ್ತಲಿನವರ ಒತ್ತಾಯಕ್ಕೆ ನಾಚಿ, ಅವನ ಬಾಯಿಯ ಹತ್ತಿರಕ್ಕೆ ತುತ್ತು ತಂದಳು. ಅಷ್ಟಕ್ಕೇ ಟೇಪು ಮುಗಿದು ಟೀವಿಯಲ್ಲಿ ಬರೀ ಚುಕ್ಕಿ.

ಚಿನ್ನಪ್ಪ ವೈರು ಕಿತ್ತುಕೊಂಡು ಹೊರಟ. ರಾಮಮ್ಮ ತನ್ನ ಮನೆಯಿಂದ ತಟ್ಟೆಯಲ್ಲಿ ಅನ್ನ ಸಾರು ತಂದು ಮುಂದಿಟ್ಟಳು. ನಲ್ಲಪ್ಪ ಅದನ್ನು ಮುಟ್ಟಲಿಲ್ಲ.

"ರಾಮಕ್ಕ, ಒಂದು ಪಾವು ಅಕ್ಕಿಗೆ ನೀರೆಷ್ಟು ಇಡ್ಬೇಕು?" ಎಂದು ಕೇಳಿದ. ಅವಳು ಉತ್ತರ ಹೇಳುವ ಮೊದಲೇ ಅಳತೊಡಗಿದ.